ಗೋಧಿ, ಹಾಲು ಬಿಡಸೂಕಿಂತ ಮೊದಲ ಏನೇನು ನೋಡಬೇಕು? (ಮಗನಿಗೆ 5 ವರ್ಷ, ಆಟಿಸಂ)

ಘಟಪ್ರಭಾ_ತಾಯಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಬಾಗಲಕೋಟಿ ಜಿಲ್ಲಾ. ಮಗನಿಗೆ 5 ವರ್ಷ 2 ತಿಂಗಳು, ತೂಕ 16 ಕೆಜಿ. ಅವ ತಿನ್ನೂದು ಇಷ್ಟ: ದಿನಾ 2 ಚಪಾತಿ, 6-8 ಗ್ಲೂಕೋಸ್ ಬಿಸ್ಕೀಟ, ಬಾಟಲಿಯೊಳಗ ಆಕಳ ಹಾಲು ಮೂರು ಸಲ (ಒಟ್ಟು 750 ಎಂಎಲ್), ರಾತ್ರಿ ಒಂದೀಟು ಮೊಸರನ್ನ. ಕಾಯಿಪಲ್ಲೆ, ಹಣ್ಣು, ತತ್ತಿ ಮುಟ್ಟಂಗಿಲ್ಲ. ಸಂಡಾಸ ಮೂರು ದಿನಕ್ಕೊಮ್ಮೆ, ಗಟ್ಟಿ. ರಾತ್ರಿ ಕಾಲು ಒದರತಾನ, ನಡರಾತ್ರಿ ಎದ್ದು ಕೂಡತಾನ.

ಪಾಲಕರ ವಾಟ್ಸ್ಯಾಪ್ ಗುಂಪಿನ್ಯಾಗ ಒಂದು ಯಾದಿ ಬಂದೈತಿ: ಗ್ಲುಟನ್-ಕೇಸಿನ್ (ಗೋಧಿಯೊಳಗಿನ ಮತ್ತ ಹಾಲಿನೊಳಗಿನ ಪ್ರೋಟೀನು) ಪೂರ್ತಿ ಬಂದ್, ಹಾಲಿನ ಬದಲಿ ಒಂಟಿ ಹಾಲಿನ ಪುಡಿ, ಒಮೇಗಾ-3, ಬಿ6 ಮತ್ತ ಮೆಗ್ನೀಷಿಯಂ, ಡಿ ವಿಟಮಿನ್ 60,000ದ ಸ್ಯಾಶೆ, ಕಾಡ್ ಲಿವರ್ ಎಣ್ಣಿ, ಮಲ್ಟಿವಿಟಮಿನ್. ಕೂದಲು ಪರೀಕ್ಷೆ ಮಾಡಿಸಿ ಮೈಯಾಗಿನ ಲೋಹ ತೆಗೆಯೋ ಔಷಧ ಅಂತನೂ ಬರದಾರ. ಯಾವುದು ಮೊದಲ, ಯಾವುದು ಬ್ಯಾಡ? ಗೋಧಿ ಬಿಟ್ಟರ ಜ್ವಾಳದ ರೊಟ್ಟಿ ನಡೀತೈತೇನು?

---

ಆಹಾರತಜ್ಞೆ_ಬೆಳಗಾವಿ

ಅಕ್ಕಾರ, ಚಪಾತಿ ಈಗಲೇ ಬಿಡಿಸಬೇಡ್ರಿ. ಮಗು ಗೋಧಿ ತಿನ್ನುತ್ತಿರುವಾಗಲೇ ಒಂದು ರಕ್ತಪರೀಕ್ಷೆ ಆಗಬೇಕು: ಟಿಟಿಜಿ-ಐಜಿಎ, ಜೊತೆಗೆ ಒಟ್ಟು ಐಜಿಎ (ಐಜಿಎ ಅಂದರೆ ಮೈಯ ರೋಗನಿರೋಧಕ ಪ್ರೋಟೀನಿನ ಒಂದು ಬಗೆ). ಇದು ಸೀಲಿಯಾಕ್ ರೋಗಕ್ಕೆ, ಅಂದರೆ ಗ್ಲುಟನ್‌ನಿಂದ ಸಣ್ಣಕರುಳು ಹಾಳಾಗುವ ಕಾಯಿಲೆಗೆ. ಗೋಧಿ ಬಿಟ್ಟು ತಿಂಗಳುಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ರೋಗ ಇದ್ದರೂ ವರದಿ ನಾರ್ಮಲ್ ಬರಬಹುದು. ಆಗ ಖಾತ್ರಿ ಮಾಡಿಕೊಳ್ಳಲು ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಬೇಕಾಗುತ್ತದೆ. ಒಟ್ಟು ಐಜಿಎ ಯಾಕೆಂದರೆ, ಕೆಲವು ಮಕ್ಕಳ ಮೈಯಲ್ಲಿ ಐಜಿಎ ಹುಟ್ಟುವುದೇ ಕಡಿಮೆ. ಅಂಥವರಲ್ಲಿ ಟಿಟಿಜಿ-ಐಜಿಎ ಒಂದನ್ನೇ ನಂಬಿದರೆ ಮೋಸವಾಗುತ್ತದೆ. ಅದೇ ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಡಿ ವಿಟಮಿನ್ ಸಹ ನೋಡಿಸಿರಿ. ಮಣ್ಣು, ಸುಣ್ಣ, ಬಳಪ ತಿನ್ನುವ ಚಟ ಇದ್ದರೆ ಸೀಸದ ಪರೀಕ್ಷೆಯನ್ನೂ ಮಾಡಿಸಬೇಕೆಂದು ವೈದ್ಯರಿಗೆ ಹೇಳಿರಿ.

ಈಗ ಹಾಲಿನ ಲೆಕ್ಕ. 750 ಎಂಎಲ್ ಆಕಳ ಹಾಲಿನಿಂದ ಸುಮಾರು 500 ಕ್ಯಾಲರಿ, 24 ಗ್ರಾಂ ಪ್ರೋಟೀನು, 900 ಮಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪಟ್ಟಿಯಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,360 ಕ್ಯಾಲರಿ, 16 ಗ್ರಾಂ ಪ್ರೋಟೀನು, 550 ಮಿಗ್ರಾಂ ಕ್ಯಾಲ್ಸಿಯಂ. ಅಂದರೆ ನಿಮ್ಮ ಮಗನ ಊಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆ ಬಾಟಲಿಯಲ್ಲೇ ಇದೆ. ಒಮ್ಮೆಲೇ ನಿಲ್ಲಿಸಿದರೆ 16 ಕೆಜಿಯ ಹುಡುಗ ಸೊರಗಿಹೋಗುತ್ತಾನೆ. ಹಾಗಂತ 750 ಎಂಎಲ್ ಇರುವುದೂ ಸರಿಯಲ್ಲ. ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತದೆ. ಹಸಿವೂ ಹೋಗುತ್ತದೆ, ಸಂಡಾಸವೂ ಕಟ್ಟುತ್ತದೆ. ಮೂರು ದಿನಕ್ಕೆ 50 ಎಂಎಲ್‌ನಂತೆ ಇಳಿಸುತ್ತ 400-450ಕ್ಕೆ ತನ್ನಿರಿ, ಬಾಟಲಿಯಿಂದ ಲೋಟಕ್ಕೆ ಬನ್ನಿರಿ. ಊಟಕ್ಕೆ ಒಂದು ತಾಸು ಮೊದಲು ಹಾಲು ಬೇಡ.

ಎಲ್ಲರೂ ತಟ್ಟೆಯಿಂದ ಏನು ತೆಗೆಯಬೇಕು ಎನ್ನುತ್ತಿದ್ದಾರೆ. ತಟ್ಟೆಯಲ್ಲಿ ಇಲ್ಲದ್ದನ್ನು ನೋಡಿರಿ: ನೀವು ಬರೆದ ಊಟದಲ್ಲಿ ಸಿ ವಿಟಮಿನ್ ಹೆಚ್ಚುಕಡಿಮೆ ಸೊನ್ನೆ. ಹೀಗೆ ನಾಲ್ಕೈದು ಪದಾರ್ಥಕ್ಕೇ ಅಂಟಿಕೊಂಡ ಆಟಿಸಂ ಮಕ್ಕಳಲ್ಲಿ ಸ್ಕರ್ವಿ ಇಂದಿಗೂ ಕಾಣುತ್ತದೆ. ಮಗು ಕುಂಟುತ್ತದೆ, ನಡೆಯಲು ಒಲ್ಲೆ ಎನ್ನುತ್ತದೆ, ವಸಡು ಊದಿ ರಕ್ತ ಬರುತ್ತದೆ; ಮಾತು ಬಾರದ ಮಗು ಕಾಲು ನೋವೆಂದು ಹೇಳುವುದಿಲ್ಲ, ಹಟ ಅಂದುಕೊಳ್ಳುತ್ತೇವೆ. ದಿನಕ್ಕೆ ಬೇಕಾದದ್ದು ಸುಮಾರು 35 ಮಿಗ್ರಾಂ. ಪೇರಲ ಹಣ್ಣಿನ 20 ಗ್ರಾಂ ಹೋಳು, ಹೆಬ್ಬೆರಳಿನಷ್ಟು, ಸಾಕು. ಅರ್ಧ ಲಿಂಬಿ ಹಿಂಡಿದರೆ ಸಿಗುವುದು 6-7 ಮಿಗ್ರಾಂ ಮಾತ್ರ, ಅದೂ ಒಲೆಯಿಂದ ಇಳಿಸಿದ ಮೇಲೆ ಹಿಂಡಿದರೆ. ಹಣ್ಣು ಒಪ್ಪುವವರೆಗೆ ಸಿ ಇರುವ ಒಂದು ಮಲ್ಟಿವಿಟಮಿನ್ ಕೊಡುವುದು ಸರಿ. ಯಾದಿಯಲ್ಲಿ ನಿಮ್ಮ ಮಗನಿಗೆ ನಿಜವಾಗಿ ಬೇಕಾದದ್ದು ಅದೊಂದೇ.

ಗ್ಲುಟನ್-ಕೇಸಿನ್ ಪಥ್ಯದಿಂದ ಆಟಿಸಂ ಲಕ್ಷಣ ಇಳಿಯುತ್ತದೆಯೇ? 2016ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ 14 ಮಕ್ಕಳನ್ನು ಮೊದಲು ಪಥ್ಯದಲ್ಲಿಟ್ಟರು. ಆಮೇಲೆ 12 ವಾರ ಗ್ಲುಟನ್ ಇರುವ, ಕೇಸಿನ್ ಇರುವ, ಎರಡೂ ಇರುವ, ಎರಡೂ ಇಲ್ಲದ ತಿಂಡಿಗಳನ್ನು ಯಾವುದು ಯಾವುದೆಂದು ಪಾಲಕರಿಗೂ ಗೊತ್ತಾಗದಂತೆ ಕೊಟ್ಟರು. ನಡವಳಿಕೆ, ನಿದ್ದೆ, ಸಂಡಾಸ ಯಾವುದರಲ್ಲೂ ಫರಕು ಕಾಣಲಿಲ್ಲ. ಮಕ್ಕಳ ಸಂಖ್ಯೆ ಸಣ್ಣದು ನಿಜ, ಆದರೆ ಮನೆಯವರ ಆಸೆ ಅಂಕಿಯೊಳಗೆ ಸೇರದಂತೆ ಮಾಡಿದ ಪರೀಕ್ಷೆ ಅದು. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯೂ ಆಟಿಸಂನ ಮೂಲ ಲಕ್ಷಣಗಳಿಗೆ ಈ ಪಥ್ಯ ಮಾಡಬೇಡಿ ಎನ್ನುತ್ತದೆ. ಸೀಲಿಯಾಕ್ ಅಥವಾ ಹಾಲಿನ ಅಲರ್ಜಿ ಖಾತ್ರಿಯಾದರೆ ಮಾತು ಬೇರೆ. ಆಗ ಪಥ್ಯವೇ ಔಷಧ.

ಇಷ್ಟಾದ ಮೇಲೂ ಮನೆಯಲ್ಲಿ ಒಮ್ಮೆ ಮಾಡಿ ನೋಡೋಣ ಅಂದರೆ, ಒಂದು ಸಲಕ್ಕೆ ಒಂದನ್ನೇ ಬಿಡಿಸಿರಿ. ಮೊದಲು ಎರಡು ವಾರ ಏನೂ ಬದಲಿಸದೆ ನಿದ್ದೆಯ ತಾಸು, ಸಂಡಾಸದ ದಿನ, ತಿಂದದ್ದು ಬರೆದಿಡಿ. ಅದಿಲ್ಲದೆ ಮುಂದಿನದ್ದನ್ನು ಯಾವುದಕ್ಕೆ ಹೋಲಿಸುತ್ತೀರಿ? ಥೆರಪಿ ಕೊಡುವವರಿಗೆ ಪಥ್ಯದ ಸುದ್ದಿ ಹೇಳದೆ ಅವರ ಅಭಿಪ್ರಾಯ ಕೇಳಿರಿ. ಅದೇ ತಿಂಗಳು ಹೊಸ ಶಾಲೆ, ಹೊಸ ಔಷಧ ಶುರು ಮಾಡಬೇಡ್ರಿ. ಹದಿನೈದು ದಿನಕ್ಕೊಮ್ಮೆ ತೂಕ ನೋಡಿ, ಇಳಿದರೆ ಅಲ್ಲಿಗೇ ನಿಲ್ಲಿಸಿರಿ. ಮೂರು ತಿಂಗಳಲ್ಲಿ ಫರಕು ಕಾಣದಿದ್ದರೆ ವಾಪಸ್ ಹಾಕಿರಿ. ಕಂಡರೂ ಒಮ್ಮೆ ವಾಪಸ್ ಹಾಕಿ ನೋಡಿರಿ.

ಒಂಟಿ ಹಾಲಿನಲ್ಲೂ ಕೇಸಿನ್ ಇದೆ. ಕೇಸಿನ್ ಬೇಡವೆಂದು ಅದನ್ನು ಕೊಡುವುದರಲ್ಲಿ ಅರ್ಥವಿಲ್ಲ. ಕಾಯಿಸದ ಒಂಟಿ ಹಾಲಿನಿಂದ ಬ್ರುಸೆಲ್ಲೋಸಿಸ್ ಜ್ವರ ಬರುವ ಭಯವೂ ಉಂಟು.

---

ಔಷಧ_ಲೆಕ್ಕ_ವಿಜಯಪುರ

ಬಾಟಲಿಗಳ ಬಗ್ಗೆ ನಾ ಹೇಳತೀನ್ರಿ. ಒಂದೊಂದನ್ನೂ ತಿರುಗಿಸಿ ಹಿಂದಿನ ಚೀಟಿ ಓದ್ರಿ. ತೊಂದರೆ ಶುರುವಾಗೂದು ಅದೇ ವಿಟಮಿನ್ ಮೂರು ಬಾಟಲಿಯೊಳಗ ಇದ್ದಾಗ. ಎ ವಿಟಮಿನ್ ನೋಡ್ರಿ: 4ರಿಂದ 8 ವರ್ಷದವರಿಗೆ ದಿನಕ್ಕೆ 3,000 ಐಯು (ವಿಟಮಿನ್ ಅಳಿಯೂ ಮಾಪು) ಮೇಲಿನ ಮಿತಿ. ಮಲ್ಟಿವಿಟಮಿನ್‌ದಾಗ 2,500 ಇದ್ದು, ಕಾಡ್ ಲಿವರ್ ಎಣ್ಣಿಯಾಗ ಇನ್ನೊಂದು ಸಾವಿರ ಇತ್ತಂದ್ರ ಮಿತಿ ದಾಟಿತು. ತಿಂಗಳಗಟ್ಟಲೆ ಹಿಂಗ ನಡೆದರ ತಲೆನೋವು, ವಾಂತಿ, ತಲೆಯೊಳಗಿನ ಒತ್ತಡ ಏರೂದು. ಗಜ್ಜರಿಯೊಳಗಿನ ಕ್ಯಾರೊಟಿನ್ ಈ ಲೆಕ್ಕಕ್ಕ ಬರಂಗಿಲ್ಲ, ಅದು ಭಯ ಇಲ್ಲ.

ಡಿ ವಿಟಮಿನ್ ವರದಿ ಬರೂತನಕ 60,000ದ ಸ್ಯಾಶೆ ಒಡೀಬ್ಯಾಡ್ರಿ. ಕಡಿಮೆ ಇದ್ದರ ವೈದ್ಯರು ವಾರಕ್ಕೊಂದು ಅಂತ ಇಂತಿಷ್ಟು ವಾರಕ್ಕ ಬರೀತಾರ. ಅದನ್ನ ದಿನಾ ಕೊಟ್ಟು ಮಕ್ಕಳು ಆಸ್ಪತ್ರಿ ಸೇರೂದುಂಟು: ರಕ್ತದಾಗ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ನೀರಡಿಕೆ, ಮಲಬದ್ಧತೆ, ಕಿಡ್ನಿಗೆ ಪೆಟ್ಟು. ಹನಿ ಔಷಧದಾಗೂ ಒಂದು ಎಂಎಲ್‌ಗೆ 400 ಐಯು ಇರೂದು, 800 ಇರೂದು ಎರಡೂ ಸಿಗತಾವು. ಬ್ರ್ಯಾಂಡ್ ಬದಲಿಸಿದಾಗ ಎಂಎಲ್ ಮತ್ತ ಲೆಕ್ಕ ಹಾಕ್ರಿ.

ಬಿ6 ದೊಡ್ಡ ಪ್ರಮಾಣದಾಗ ಬಹಳ ದಿನ ಕೊಟ್ಟರ ಕೈಕಾಲಿನ ನರಕ್ಕ ಹಾನಿ. ಆಟಿಸಂಗೆ ಉಪಯೋಗ ಅಂತ ಸಾಬೀತಾಗಿಲ್ಲ. ಬ್ಯಾಡ್ರಿ.

ಒಮೇಗಾ-3 ಹಾನಿ ಕಡಿಮೆ, ಆಟಿಸಂ ಲಕ್ಷಣಕ್ಕ ಲಾಭನೂ ಕಂಡಿಲ್ಲ. ಕೊಡತೀನಿ ಅಂದರ "ಮೀನೆಣ್ಣೆ 1,000 ಮಿಗ್ರಾಂ" ಅನ್ನೂ ದೊಡ್ಡ ಅಕ್ಷರ ನೋಡಬ್ಯಾಡ್ರಿ; ಸಾಮಾನ್ಯ ಕ್ಯಾಪ್ಸೂಲಿನ್ಯಾಗ ಖರೆ ಒಮೇಗಾ-3 ಅಂದರ ಇಪಿಎ 180, ಡಿಎಚ್‌ಎ 120 ಅಷ್ಟ ಇರತಾವು. ಅಗಸಿ ಹಿಂಡಿ ಒಳ್ಳೇದು, ಆದರ ಅದರಾಗಿನ ಒಮೇಗಾ ಬ್ಯಾರೆ ತರದ್ದು, ಮೈಯೊಳಗ ಡಿಎಚ್‌ಎ ಆಗೂದು ಬಹಳ ಸ್ವಲ್ಪ. ಇಡೀ ಅಗಸಿ ಕಾಳು ಹಾಂಗ ಹೊರಗ ಹೋಗತಾವು, ಪುಡಿ ಮಾಡ್ರಿ.

ಕಾಲು ಒದರೂದು, ನಿದ್ದಿ ಒಡೆಯೂದು ಅಂದ್ರಲ್ಲ, ಅದಕ್ಕ ಫೆರಿಟಿನ್ ನೋಡಬೇಕು. 50ಕ್ಕಿಂತ ಕಡಿಮೆ ಇದ್ದು ಕಾಲಿನ ಚಡಪಡಿಕೆ ಇದ್ದರ ಕಬ್ಬಿಣ ಕೊಟ್ಟು ನೋಡೂ ಪದ್ಧತಿ ನಿದ್ದಿ ವೈದ್ಯರಲ್ಲಿ ಐತಿ. ರಕ್ತಹೀನತೆಗೆ ಕೊಡೂ ಪ್ರಮಾಣ ಕೆಜಿಗೆ 3 ಮಿಗ್ರಾಂ ಅಂತ ಹಿಡಿದರ 16 ಕೆಜಿಗೆ 48 ಮಿಗ್ರಾಂ. ಇದು ಶುದ್ಧ ಕಬ್ಬಿಣದ ಲೆಕ್ಕ, ಲವಣದ್ದಲ್ಲ. 5 ಎಂಎಲ್‌ಗೆ 30 ಮಿಗ್ರಾಂ ಇರೂ ಸಿರಪ್ ಆದರ 8 ಎಂಎಲ್. ವೈದ್ಯರು ಬರೆದ ಮ್ಯಾಲೆ ಮಾತ್ರ. ಹಾಲಿನ್ಯಾಗ, ಚಹಾದಾಗ ಹಾಕಿದರ ಮೈಗೆ ಹತ್ತಂಗಿಲ್ಲ. ಮನಿ ಚಮಚದಿಂದ ಅಳೀಬ್ಯಾಡ್ರಿ, ಸೂಜಿ ಇಲ್ಲದ ಸಿರಿಂಜ್ ತಗೊಂಡು ಕೆನ್ನಿ ಒಳಗ ಬಿಡ್ರಿ, ಹಲ್ಲೂ ಕಪ್ಪಾಗಂಗಿಲ್ಲ. ಸಂಡಾಸ ಕಪ್ಪಾದರ ಹೆದರಬ್ಯಾಡ್ರಿ.

ಇದೊಂದು ಮಾತು ಮನಸ್ಸಿನ್ಯಾಗ ಇಟ್ಕೋರಿ: ಬಸುರಿಯರಿಗೆ ಆಶಾ ಕೊಡೂ ಕೆಂಪು ಕಬ್ಬಿಣ ಗುಳಗಿ ಒಂದರಾಗ 60 ಮಿಗ್ರಾಂ ಇರತೈತಿ. ನಿಮ್ಮ ಮಗನ ತೂಕಕ್ಕ 320 ಮಿಗ್ರಾಂದಿಂದನ ವಿಷದ ಲಕ್ಷಣ ಶುರು, ಅಂದರ ಆರು ಗುಳಗಿ. ಬಣ್ಣದ್ದೆಲ್ಲ ಬಾಯಿಗೆ ಹಾಕೂ ಹುಡುಗರಿರೂ ಮನಿಯಾಗ ಆ ಪಾಕೀಟ ಕೀಲಿ ಹಾಕಿಡ್ರಿ.

ಮಲಬದ್ಧತೆಗೆ ವೈದ್ಯರು ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬರೀತಾರ, ಕೆಜಿಗೆ 0.4ರಿಂದ 0.8 ಗ್ರಾಂ, 16 ಕೆಜಿಗೆ ಸುಮಾರು 6ರಿಂದ 13 ಗ್ರಾಂ. ಸಂಡಾಸ ಸಲೀಸಾತು ಅಂತ ವಾರದಾಗ ನಿಲ್ಲಿಸೂದ ದೊಡ್ಡ ತಪ್ಪು. ಹಿಗ್ಗಿದ ಕರುಳು ಮೊದಲಿನಂಗ ಆಗಾಕ ತಿಂಗಳುಗಳು ಬೇಕು. ಗಟ್ಟಿ ಮಲದ ಸುತ್ತ ತೆಳ್ಳಗ ಸೋರೂದನ್ನ ಭೇದಿ ಅಂತ ತಿಳಕೊಂಡು ಬಂದ್ ಮಾಡೂ ಔಷಧ ಕೊಡಬ್ಯಾಡ್ರಿ.

ಕೂದಲಿನ ಲೋಹ ಪರೀಕ್ಷೆ ನಂಬುವಂಥದ್ದಲ್ಲ. ಲೋಹ ತೆಗೆಯೋ ಔಷಧದ ಹೆಸರ ಕೇಳಿದರ ಎದ್ದು ಬರ್ರಿ. 2005ರಾಗ ಅಮೆರಿಕದ ಪೆನ್ಸಿಲ್ವೇನಿಯಾದಾಗ ಆಟಿಸಂ ಇದ್ದ 5 ವರ್ಷದ ಹುಡುಗನಿಗೆ ಇದ ಚಿಕಿತ್ಸೆ ಕೊಡೂವಾಗ ರಕ್ತದ ಕ್ಯಾಲ್ಸಿಯಂ ಕುಸಿದು ಜೀವ ಹೋತು.

---

ತುತ್ತು_ತಾಳ್ಮೆ (ಬಾಗಲಕೋಟೆ, ಊಟದ ಥೆರಪಿ)

ಜೋಳದ ರೊಟ್ಟಿಯಲ್ಲಿ ಗ್ಲುಟನ್ ಇಲ್ಲ. ಸಜ್ಜೆ, ನವಣೆ, ರಾಗಿ, ಅಕ್ಕಿಯಲ್ಲೂ ಇಲ್ಲ. ರವೆ, ಶಾವಿಗೆ, ಜವೆ ಗೋಧಿಯಲ್ಲಿ ಇದೆ. ಜವೆ ಗೋಧಿ ಬೇರೆ ಎಂದು ಹೇಳುವವರಿದ್ದಾರೆ, ಅದೂ ಗೋಧಿಯೇ. ಅಂಗಡಿಯ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ, ಚೀಟಿ ಓದಿರಿ. ಹಳೇ ಜೋಳಕ್ಕೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಸೀಳುತ್ತದೆ, ಅದಕ್ಕೆ ಎಷ್ಟೋ ಮನೆಯಲ್ಲಿ ಒಂದು ಹಿಡಿ ಗೋಧಿ ಹಿಟ್ಟು ಸೇರಿಸುತ್ತಾರೆ. ಬದಲಿಗೆ ಕುದಿಯುವ ಎಸರನ್ನೇ ಹಿಟ್ಟಿನ ನಡುವೆ ಸುರಿದು, ಸೌಟಿನಿಂದ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಿದರೆ ಜಿಗಿ ಹುಟ್ಟುತ್ತದೆ.

ಆದರೆ ನಾನು ರೊಟ್ಟಿಯನ್ನು ಗೋಧಿಯ ಬದಲಿಗೆ ಅಂತ ಹೇಳುವುದಿಲ್ಲ, ಹೊಸ ತುತ್ತು ಅಂತ ಹೇಳುತ್ತೇನೆ. ನಿಮ್ಮ ಮಗ ಬಿಸ್ಕೀಟು ತಿನ್ನುವವ, ಅಂದರೆ ಕುರುಕಲು ಅವನಿಗೆ ಇಷ್ಟ. ಖಡಕ್ ರೊಟ್ಟಿಯನ್ನು ಬಿಸ್ಕೀಟಿನ ಅಳತೆಗೇ ಮುರಿದು, ಅದೇ ತಟ್ಟೆಯಲ್ಲಿ, ಬಿಸ್ಕೀಟಿನ ಪಕ್ಕ ಒಂದೇ ಚೂರು ಇಡಿ. ತಿನ್ನು ಅನ್ನಬೇಡಿ. ಕೆಲವು ದಿನ ಬರೀ ನೋಡುತ್ತಾನೆ, ಆಮೇಲೆ ಮುಟ್ಟುತ್ತಾನೆ, ಮುರಿಯುತ್ತಾನೆ, ನೆಕ್ಕಿ ಉಗುಳುತ್ತಾನೆ. ಉಗುಳಿದ್ದು ಸೋಲಲ್ಲ, ನಾಲಿಗೆಗೆ ಹೋಗಿತ್ತಲ್ಲ. ಹತ್ತು ಹದಿನೈದು ಸಲ ಇಟ್ಟ ಮೇಲೆಯೇ ಒಪ್ಪಿದನೋ ಇಲ್ಲವೋ ತೀರ್ಮಾನ ಮಾಡಿರಿ. ರೊಟ್ಟಿ ಒಪ್ಪಿದ ಮೇಲೆ ಅದರ ಮೇಲೆ ಶೇಂಗಾ ಹಿಂಡಿ ಖಾರವಿಲ್ಲದ್ದು, ಚಿಟಿಕೆಯಷ್ಟು. ಪೇರಲವೂ ಹಾಗೆಯೇ: ಬೀಜದ ಭಾಗ ತೆಗೆದು, ಕಾಯಿಯಂತೆ ಗಟ್ಟಿ ಇರುವುದನ್ನೇ ಕೊಡಿ. ಮೆತ್ತಗಿನ ಹಣ್ಣು ಇಂಥ ಮಕ್ಕಳಿಗೆ ಬಾಯಲ್ಲಿ ಆಗಿಬರುವುದಿಲ್ಲ.

ಔಷಧವನ್ನು ಮೊಸರನ್ನದಲ್ಲಿ ಬಚ್ಚಿಡಬೇಡ್ರಿ. ವಾಸನೆ ಸಿಕ್ಕಿತೋ, ಔಷಧವೂ ಹೋಯಿತು, ಮೊಸರನ್ನವೂ ಹೋಯಿತು. ಇರುವುದೇ ನಾಲ್ಕು ತಿನಿಸು.

---

ಘಟಪ್ರಭಾ_ತಾಯಿ

ಬಹಳ ಉಪಕಾರ ಆತ್ರಿ. ಸ್ಯಾಶೆ ಒಡಿಯಂಗಿಲ್ಲ, ಕಾಡ್ ಲಿವರ್ ಎಣ್ಣಿ ತಗೊಳ್ಳಂಗಿಲ್ಲ, ಚಪಾತಿ ಹಾಂಗ ಇರತೈತಿ. ಸೋಮವಾರ ಜಿಲ್ಲಾ ಆಸ್ಪತ್ರಿ ಡಿಇಐಸಿಗೆ (ಮಕ್ಕಳ ಬೆಳವಣಿಗಿ ತೊಂದರಿ ನೋಡೂ ಕೇಂದ್ರ) ಹೋಗತೀವಿ. ಎರಡು ಸಣ್ಣ ಪ್ರಶ್ನೆ: ಮುಂದ ಸೀಲಿಯಾಕ್ ಅಂತ ಬಂದರ ಗಿರಣಿಯೊಳಗ ಬೀಸಿದ ಜ್ವಾಳದ ಹಿಟ್ಟು ನಡೀತೈತೇನ್ರಿ? ಮತ್ತ ಮಗನಿಗೆ ನಿನ್ನೆಯಿಂದ ನೆಗಡಿ, ಮೈ ಬೆಚ್ಚಗೈತಿ. ರಕ್ತ ಕೊಡಬಹುದೇನು?

---

ಆಹಾರತಜ್ಞೆ_ಬೆಳಗಾವಿ

ಸೀಲಿಯಾಕ್ ಆದರೆ ಗೋಧಿ ಬೀಸಿದ ಕಲ್ಲಿನಲ್ಲಿ ಬೀಸಿದ ಹಿಟ್ಟು ನಡೆಯುವುದಿಲ್ಲ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪ್ರಕಾರ ಗ್ಲುಟನ್ ಇಲ್ಲದ್ದು ಅನ್ನಬೇಕಾದರೆ ಕೆಜಿಗೆ 20 ಮಿಗ್ರಾಂ ಮೀರಬಾರದು; ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿ ಹಿಟ್ಟೇ ಅದನ್ನು ಸುಲಭವಾಗಿ ಮೀರಿಸುತ್ತದೆ. ಆಗ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಂಡು, ಜೋಳ ಹಸನು ಮಾಡುವಾಗ ಸೇರಿರುವ ಗೋಧಿ ಕಾಳು ಆರಿಸಿ ಬೀಸಬೇಕು. ಹಂಚು, ಲತ್ತಗುಣಿ, ಕೊಮ್ಮಾಣಿಗೆಯೂ ಬೇರೆ.

ರಕ್ತ ಈ ಸೋಮವಾರ ಕೊಡಬೇಡ್ರಿ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಏರಿ ಕಾಣುತ್ತದೆ, ಕಬ್ಬಿಣ ಕಡಿಮೆ ಇದ್ದರೂ ಸಾಕಷ್ಟಿದೆ ಎಂದು ವರದಿ ಬರುತ್ತದೆ. ವೈದ್ಯರನ್ನು ಕಂಡು ಮಲಬದ್ಧತೆಯ ಔಷಧ ಶುರು ಮಾಡಿಸಿರಿ, ಹುಡುಗ ಆರಾಮಾಗಿ ಎರಡು ವಾರ ಕಳೆದ ಮೇಲೆ ಎಲ್ಲ ಪರೀಕ್ಷೆಗೂ ಒಂದೇ ಸೂಜಿಯಲ್ಲಿ ರಕ್ತ ಕೊಡ್ರಿ. ಅಲ್ಲಿಯತನಕ ದಿನಾ ಚಪಾತಿ ತಪ್ಪಿಸಬೇಡ್ರಿ.