ತಾರಸಿಯಿಂದ ದಿನಾ ಅರ್ಧ ಗಂಟೆ ನಕ್ಷತ್ರ ನೋಡೋದು: ಎಲ್ಲಿಂದ ಶುರು ಮಾಡಬೇಕು?

ಮಹಡಿಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಊಟ ಮುಗಿದ ಮೇಲೆ 9ರಿಂದ 9:30ರವರೆಗೆ ಮಕ್ಕಳ ಜೊತೆ ತಾರಸಿಗೆ ಹೋಗಿ ಆಕಾಶ ನೋಡೋ ರೂಢಿ ಮಾಡಬೇಕು ಅಂತಿದೆ. ದೊಡ್ಡವಳಿಗೆ 11, ಚಿಕ್ಕವನಿಗೆ 7. ಊರು ತುಮಕೂರು. ಪೂರ್ವ, ದಕ್ಷಿಣ ಎರಡೂ ಕಡೆ ತೆರೆದಿದೆ, ಪಶ್ಚಿಮಕ್ಕೆ ಪಕ್ಕದ ಕಟ್ಟಡ, ಉತ್ತರಕ್ಕೆ ನೀರಿನ ಟ್ಯಾಂಕು. ಬೀದಿದೀಪ ಇದ್ದರೂ ಡಿಸೆಂಬರ್ ಕೊನೆಯ ಈ ತಿಳಿ ಆಕಾಶದಲ್ಲಿ ನಲವತ್ತು ಐವತ್ತು ಚುಕ್ಕಿಯಂತೂ ಕಾಣುತ್ತವೆ.

ಆನ್‌ಲೈನಿನಲ್ಲಿ "525 ಪಟ್ಟು ದೊಡ್ಡದಾಗಿ ತೋರಿಸುವ" ಟೆಲಿಸ್ಕೋಪ್ ಸಿಗುತ್ತಿದೆ, ತಗೋಬಹುದಾ? ಮೊಬೈಲ್ ಆ್ಯಪ್ ತೋರಿಸುವ ದಿಕ್ಕು ಸರಿಹೋಗುತ್ತಿಲ್ಲ, ಯಾಕೆ? ಎಲ್ಲಕ್ಕಿಂತ ಮುಖ್ಯವಾಗಿ, ಎರಡು ವಾರಕ್ಕೆ ಬೇಸರ ಬರದ ಹಾಗೆ ದಿನಾ ನೋಡಲು ಅಲ್ಲಿ ಏನಿರುತ್ತದೆ?

ಬೆಳ್ಳಿಚುಕ್ಕಿ

ಮೊದಲ ಒಂದು ತಿಂಗಳು ಏನನ್ನೂ ಕೊಳ್ಳಬೇಡಿ. ಐದಾರು ನಕ್ಷತ್ರಗಳ ಗುರುತು ಬರಿಗಣ್ಣಿಗೆ ಸಿಗದವರ ಕೈಗೆ ಟೆಲಿಸ್ಕೋಪ್ ಕೊಟ್ಟರೆ ಚಂದ್ರನನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ. ಕಿಟಕಿಯ ಸಂದಿಯಿಂದ ಊರು ಹುಡುಕಿದ ಹಾಗಾಗುತ್ತದೆ.

ಅಳತೆಗೆ ಕೈಯೇ ಸಾಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ, ಗೇಣು ಬಿಡಿಸಿದರೆ 20ಕ್ಕೆ ಸ್ವಲ್ಪ ಹೆಚ್ಚು, ಕಿರುಬೆರಳ ಅಗಲ 1 ಡಿಗ್ರಿ. ಚಿಕ್ಕವನ ಕೈ ಚಿಕ್ಕದು, ತೋಳೂ ಗಿಡ್ಡ. ಹಾಗಾಗಿ ಅವನ ಮುಷ್ಟಿಗೂ ಹೆಚ್ಚುಕಮ್ಮಿ ಅದೇ 10 ಡಿಗ್ರಿ.

ಈಗ ರಾತ್ರಿ 9ಕ್ಕೆ ಪೂರ್ವಕ್ಕೆ ಮುಖ ಮಾಡಿ ನಿಂತು, ನೆಲಕ್ಕೂ ನೆತ್ತಿಗೂ ನಡುವೆ ನೋಡಿ. ಒಂದೇ ಸಾಲಿನಲ್ಲಿ, ಸಮ ದೂರದಲ್ಲಿ ಮೂರು ನಕ್ಷತ್ರ ಕಾಣುತ್ತವೆ. ಅದು ಮಹಾವ್ಯಾಧ, ಅಂದರೆ ಬೇಟೆಗಾರ (ಓರಿಯನ್) ಅನ್ನುವ ನಕ್ಷತ್ರಪುಂಜದ ನಡುಪಟ್ಟಿ. ನಮ್ಮ ಅಕ್ಷಾಂಶದಲ್ಲಿ ಈ ಮೂರೂ ಹುಟ್ಟುವಾಗ ಒಂದರ ಮೇಲೊಂದು ನಿಂತ ಹಾಗೆ ಬರುತ್ತವೆ. ಯುರೋಪಿನವರು ಬರೆದ ಪುಸ್ತಕಗಳ ಚಿತ್ರದಲ್ಲಿ ಬೇಟೆಗಾರ ನೆಟ್ಟಗೆ ನಿಂತಿರುತ್ತಾನೆ, ನಮಗೆ ಪಕ್ಕಕ್ಕೆ ಮಲಗಿಕೊಂಡು ಏಳುತ್ತಾನೆ. ಚಿತ್ರಕ್ಕೂ ಆಕಾಶಕ್ಕೂ ತಾಳೆಯಾಗದೆ ತುಂಬಾ ಜನ ಗೊಂದಲಪಡುವುದು ಇಲ್ಲೇ.

ಆ ಮೂರು ಚುಕ್ಕಿಯ ಗೆರೆಯನ್ನು ಮೇಲಕ್ಕೆ ಒಂದು ಗೇಣು ಎಳೆಯಿರಿ. ಕಿತ್ತಳೆ ಬಣ್ಣದ ನಕ್ಷತ್ರ ಸಿಗುತ್ತದೆ, ಅದು ರೋಹಿಣಿ. ಅಲ್ಲಿಂದ ಇನ್ನೊಂದೂವರೆ ಮುಷ್ಟಿ ಮುಂದೆ, ನೆತ್ತಿಯ ಹತ್ತಿರ, ಪುಟ್ಟ ಗೊಂಚಲು: ಕೃತ್ತಿಕೆ. ಎಷ್ಟು ಚುಕ್ಕಿ ಕಾಣುತ್ತವೆ ಅಂತ ಮಕ್ಕಳಿಗೆ ಬೇರೆ ಬೇರೆಯಾಗಿ ಎಣಿಸಲು ಹೇಳಿ. ಒಳ್ಳೆಯ ಕತ್ತಲಲ್ಲಿ ಆರು, ಊರಿನ ಬೆಳಕಲ್ಲಿ ನಾಲ್ಕೈದು. ಅದೇ ಗೆರೆಯನ್ನು ಕೆಳಕ್ಕೆ ಒಂದು ಗೇಣು ಎಳೆದರೆ ಲುಬ್ಧಕ, ಇಡೀ ರಾತ್ರಿಯಾಕಾಶದ ಅತ್ಯಂತ ಪ್ರಕಾಶದ ನಕ್ಷತ್ರ. ಅದರ ಬೆಳಕು ಹೊರಟು 8.6 ವರ್ಷ. ನಿಮ್ಮ ಚಿಕ್ಕವನು ಹುಟ್ಟುವುದಕ್ಕೂ ಮೊದಲೇ ಹೊರಟ ಬೆಳಕು ಅದು ಅಂತ ಅವನಿಗೆ ಹೇಳಿ ನೋಡಿ.

10 ಗಂಟೆ ದಾಟಿದ ಮೇಲೂ ಎಚ್ಚರವಿದ್ದರೆ ದಕ್ಷಿಣಕ್ಕೆ ತಿರುಗಿ. ಲುಬ್ಧಕದಿಂದ ದಕ್ಷಿಣಕ್ಕೆ ಒಂದೂವರೆ ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ ಅಗಸ್ತ್ಯ. ಪ್ರಕಾಶದಲ್ಲಿ ಲುಬ್ಧಕದ ನಂತರದ್ದು ಇದೇ. ಲಂಡನ್ನಿನವರಿಗೆ ಇದು ಎಂದೂ ಕಾಣುವುದಿಲ್ಲ. ತುಮಕೂರಿನಲ್ಲಿ ಅತಿ ಎತ್ತರಕ್ಕೆ ಬಂದಾಗ 24 ಡಿಗ್ರಿ, ಅಂದರೆ ಒಂದು ಗೇಣಿನ ಮೇಲೆ ಸ್ವಲ್ಪ. ಫೆಬ್ರವರಿ ಮಧ್ಯದ ಹೊತ್ತಿಗೆ ನಿಮ್ಮ 9 ಗಂಟೆಗೇ ನೇರ ದಕ್ಷಿಣದಲ್ಲಿ ನಿಂತಿರುತ್ತದೆ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಿಮ್ಮದು ಅರ್ಧವೇ ಗಂಟೆ, ಅದರಲ್ಲಿ ಹತ್ತು ಸಲ ಮೊಬೈಲ್ ತೆಗೆದರೆ ಅಷ್ಟೂ ವ್ಯರ್ಥ. ಆ್ಯಪನ್ನು ಮನೆಯೊಳಗೇ ನೋಡಿಕೊಂಡು ಮೇಲೆ ಹೋಗಿ. ದಿಕ್ಕು ತಪ್ಪುವುದಕ್ಕೆ ಕಾರಣ ಬಹುಮಟ್ಟಿಗೆ ತಾರಸಿಯ ಕಬ್ಬಿಣ: ಪಿಲ್ಲರಿನಿಂದ ಹೊರಬಂದ ಕಂಬಿ, ಟ್ಯಾಂಕಿನ ಸ್ಟ್ಯಾಂಡು, ಡಿಶ್ ಆಂಟೆನಾ. ಫೋನಿನ ದಿಕ್ಸೂಚಿ ಕಾಂತಕ್ಷೇತ್ರ ನೋಡಿ ಕೆಲಸ ಮಾಡುವುದರಿಂದ ಹತ್ತಿರದ ಕಬ್ಬಿಣ ಅದನ್ನು ಎಳೆದುಬಿಡುತ್ತದೆ. ಮ್ಯಾಗ್ನೆಟ್ ಇರುವ ಕವರ್ ತೆಗೆಯಿರಿ, ಕಬ್ಬಿಣದಿಂದ ನಾಲ್ಕೈದು ಮೀಟರ್ ದೂರ ನಿಂತು ಫೋನನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಮೂರು ನಾಲ್ಕು ಸಲ ತಿರುಗಿಸಿ. ಆಮೇಲೆ ಚಂದ್ರನನ್ನೋ ಲುಬ್ಧಕವನ್ನೋ ತೋರಿಸಿ ತಾಳೆ ನೋಡಿ.

ಒಂದು ನೋಟ್‌ಬುಕ್ ಇಡಿ. ಒಂದೇ ಜಾಗದಲ್ಲಿ ನಿಂತು, ಒಂದು ನಕ್ಷತ್ರ ಟ್ಯಾಂಕಿನ ಮೂಲೆಗೆ ಬಂದ ಗಳಿಗೆ ಬರೆದುಕೊಳ್ಳಿ. ಮರುದಿನ ಅದೇ ನಕ್ಷತ್ರ 4 ನಿಮಿಷ ಮುಂಚೆ ಅಲ್ಲಿಗೆ ಬರುತ್ತದೆ, ತಿಂಗಳಿಗೆ 2 ಗಂಟೆ ಮುಂಚೆ. ಆಕಾಶ ಯಾಕೆ ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ ಅನ್ನುವುದು ಪಾಠವಿಲ್ಲದೆ ತಿಳಿಯುತ್ತದೆ.

ಗಾಜುಗಣ್ಣು

ಉಪಕರಣದ ಬಗ್ಗೆ ನಾನು ಹೇಳುತ್ತೇನೆ. 525 ಪಟ್ಟು ಅನ್ನುವ ಮಾತು ನಂಬಬೇಡಿ. ಟೆಲಿಸ್ಕೋಪಿನ ಮುಂದಿನ ಗಾಜಿನ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ಪಟ್ಟು ಮಾತ್ರ ಉಪಯೋಗಕ್ಕೆ ಬರುವುದು. ಆ ಟೆಲಿಸ್ಕೋಪುಗಳ ಗಾಜು ಸಾಮಾನ್ಯವಾಗಿ 60 ಮಿ.ಮೀ., ಅಂದರೆ 120 ಪಟ್ಟೇ ಕೊನೆ. ಅದನ್ನು ಮೀರಿದರೆ ಮಸುಕು ದೊಡ್ಡದಾಗುತ್ತದೆ ಅಷ್ಟೆ. ಇನ್ನು ಆ ಸಣಕಲು ಸ್ಟ್ಯಾಂಡು ಮುಟ್ಟಿದರೆ ಅಲುಗುತ್ತದೆ, ಅಲುಗಾಟ ನಿಲ್ಲುವಷ್ಟರಲ್ಲಿ ಚಂದ್ರ ಚೌಕಟ್ಟಿನಿಂದ ಜಾರಿರುತ್ತಾನೆ.

ತಿಂಗಳಾದ ಮೇಲೂ ಮಕ್ಕಳ ಆಸೆ ಉಳಿದಿದ್ದರೆ ಬೈನಾಕ್ಯುಲರ್ ತನ್ನಿ. ನಿಮಗೆ 10×50, ಮಕ್ಕಳೇ ಹಿಡಿಯುವುದಾದರೆ 8×40. ಮೊದಲ ಸಂಖ್ಯೆ ಎಷ್ಟು ಪಟ್ಟು ಅನ್ನುವುದು, ಎರಡನೆಯದು ಗಾಜಿನ ಅಗಲ ಮಿ.ಮೀ.ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ. ಇವೆರಡರಲ್ಲೂ 5 ಮಿ.ಮೀ. ನಡುವಯಸ್ಸಿನವರ ಪಾಪೆ ಕತ್ತಲಲ್ಲಿ ಹಿಗ್ಗುವುದೂ ಸರಿಸುಮಾರು ಅಷ್ಟೇ.

ಅಂಗಡಿಯಲ್ಲಿ ಕೈಚಾಚಿ ಬೈನಾಕ್ಯುಲರನ್ನು ಬೆಳಕಿನ ಕಡೆ ಹಿಡಿಯಿರಿ. ಕಣ್ಣಿಡುವ ಗಾಜಿನಲ್ಲಿ ಕಾಣುವ ಬಿಲ್ಲೆ ಪೂರ್ತಿ ದುಂಡಗಿರಬೇಕು. ಅಂಚು ಕತ್ತರಿಸಿ ಚೌಕವಾಗಿ ಕಂಡರೆ ಒಳಗಿನ ಪ್ರಿಸಂ ಕಡಿಮೆ ದರ್ಜೆಯದು. ಮುಂದಿನ ಗಾಜು ಕೆಂಪಗೆ ಹೊಳೆಯುವಂಥದ್ದು ಬೇಡ, ಕೆಂಪು ಬೆಳಕನ್ನೆಲ್ಲ ವಾಪಸ್ ಕಳಿಸಿಬಿಡುತ್ತದೆ. ಜೂಮ್ ಇರುವುದೂ ಬೇಡ. ದೂರದ ಒಂದು ಕಂಬ ನೋಡಿ, ಎರಡು ಕಂಬವಾಗಿ ಕಂಡರೆ ಅಥವಾ ಎರಡು ನಿಮಿಷಕ್ಕೆ ಹಣೆ ನೊಂದರೆ ಎರಡು ಕೊಳವೆಗಳ ಜೋಡಣೆ ತಪ್ಪಿದೆ. ಅದು ಮನೆಯಲ್ಲಿ ಸರಿಯಾಗುವ ದೋಷವಲ್ಲ, ಬೇರೆ ಪೀಸ್ ಕೇಳಿ. ಚಿಕ್ಕವನನ್ನೂ ಕರೆದುಕೊಂಡು ಹೋಗಿ: ಹೆಚ್ಚಿನ ಬೈನಾಕ್ಯುಲರುಗಳು ಪೂರ್ತಿ ಮಡಚಿದರೂ ಎರಡು ಕಣ್ಣಿನ ನಡುವೆ 56 ಮಿ.ಮೀ.ಗಿಂತ ಒಳಗೆ ಬರುವುದಿಲ್ಲ, ಸಣ್ಣ ಮಕ್ಕಳ ಕಣ್ಣು ಅದಕ್ಕಿಂತ ಹತ್ತಿರ ಇರಬಹುದು. ಆಗ ಮಗು ಒಂದೇ ಕಣ್ಣಲ್ಲಿ ನೋಡುತ್ತಾ "ಏನೂ ಕಾಣಲ್ಲ" ಅನ್ನುತ್ತದೆ, ನಾವು ಮಗುವನ್ನೇ ಗದರುತ್ತೇವೆ.

ಫೋಕಸ್ ಮಾಡುವ ಕ್ರಮ ಹೀಗೆ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ನಕ್ಷತ್ರ ಸೂಜಿಮೊನೆಯಷ್ಟಾಗುವಂತೆ ಮಾಡಿ. ನಂತರ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆ ಕಣ್ಣಿಡುವ ಭಾಗದ ಬಳೆಯನ್ನು ಮಾತ್ರ ತಿರುಗಿಸಿ. ಕೈನಡುಕಕ್ಕೆ ಮೊಳಕೈ ಎರಡನ್ನೂ ಪ್ಯಾರಾಪೆಟ್ಟಿನ ಮೇಲೆ ಊರಿ. ನೆತ್ತಿಯ ಹತ್ತಿರದ ಕೃತ್ತಿಕೆಗೆ ಚಾಪೆ ಹಾಸಿ ಮಲಗುವುದೇ ಸರಿ.

ಕೃತ್ತಿಕೆಯಲ್ಲಿ ಆಗ ಹತ್ತಾರು ನೀಲಿ ಚುಕ್ಕಿ ಹೊರಬರುತ್ತವೆ. ಮಹಾವ್ಯಾಧನ ನಡುಪಟ್ಟಿಯಿಂದ ಇಳಿಬಿದ್ದ ಕತ್ತಿಯ ನಡುವೆ ಹೊಗೆಯಂಥ ಕಲೆ ಕಾಣುತ್ತದೆ. ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ ಅದು, ದೂರ ಸುಮಾರು 1,300 ಜ್ಯೋತಿರ್ವರ್ಷ. ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಡುವಿಗಿಂತ ಸುತ್ತಲೂ ಹೆಚ್ಚಿವೆ. ಗುರುಗ್ರಹ ಆಕಾಶದಲ್ಲಿದ್ದಾಗ ಅದರ ನಾಲ್ಕು ದೊಡ್ಡ ಚಂದ್ರರೂ ಸಿಗುತ್ತವೆ, ದಿನದಿನಕ್ಕೆ ಜಾಗ ಬದಲಿಸುತ್ತವೆ. ಶನಿಯ ಬಳೆ ಮಾತ್ರ ಬೈನಾಕ್ಯುಲರಿಗೆ ದಕ್ಕುವುದಿಲ್ಲ.

ಇಬ್ಬನಿ ಕೂತ ಗಾಜನ್ನು ಅಂಗಿಯಿಂದ ಒರೆಸಬೇಡಿ, ತಾನೇ ಆರಲಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಒಳಗೆ ಬೂಸ್ಟು ಹಿಡಿಯುತ್ತದೆ. ಮತ್ತೆ, ಹಗಲಲ್ಲಿ ಅದು ಮಕ್ಕಳ ಕೈಗೆ ಎಟುಕದ ಜಾಗದಲ್ಲಿರಲಿ. ಒಮ್ಮೆ ಸೂರ್ಯನ ಕಡೆ ತಿರುಗಿದರೆ ಕಣ್ಣು ಶಾಶ್ವತವಾಗಿ ಹೋಗಬಹುದು.

ಮಳೆನಕ್ಷತ್ರ

ಮೂರನೇ ಪ್ರಶ್ನೆ, ದಿನಾ ನೋಡಲು ಏನಿದೆ ಅಂದಿರಲ್ಲ, ಅದಕ್ಕೆ ಉತ್ತರ ನಿಮ್ಮ ಅಡುಗೆಮನೆಯ ಗೋಡೆಯಲ್ಲೇ ನೇತಾಡುತ್ತಿದೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ನಕ್ಷತ್ರ ಅಚ್ಚಾಗಿರುತ್ತದಲ್ಲ, ಅದು ಚಂದ್ರನ ಅವತ್ತಿನ ವಿಳಾಸ. ಚಂದ್ರ ಆಕಾಶದ ಸುತ್ತು ಮುಗಿಸಲು 27.3 ದಿನ, ಅದಕ್ಕೇ 27 ನಕ್ಷತ್ರ, ದಿನಕ್ಕೊಂದು ಮನೆ. ದಿನಕ್ಕೆ ಪೂರ್ವಕ್ಕೆ ಸರಿಯುವುದು ಸುಮಾರು 13 ಡಿಗ್ರಿ, ಅಂದರೆ ಒಂದೂಕಾಲು ಮುಷ್ಟಿ. ಸಂಜೆ ಕ್ಯಾಲೆಂಡರಿನಲ್ಲಿ "ರೋಹಿಣಿ" ಅಂತ ಓದಿ ಮೇಲೆ ಹೋದರೆ ಚಂದ್ರನ ಪಕ್ಕ ಆ ಕಿತ್ತಳೆ ಚುಕ್ಕಿ ಇರುತ್ತದೆ. ಜಾತಕಕ್ಕೆ ಮಾತ್ರ ಅಂದುಕೊಂಡ ಹೆಸರುಗಳು ಬೆರಳು ಮಾಡಿ ತೋರಿಸಬಹುದಾದ ವಸ್ತುಗಳು ಅಂತ ಮಕ್ಕಳಿಗೆ ಗೊತ್ತಾಗುವ ಆ ಗಳಿಗೆ ತುಂಬಾ ಚೆಂದ.

ಹುಣ್ಣಿಮೆಗಳೂ ಹಾಗೇ. ಹುಣ್ಣಿಮೆಯ ಚಂದ್ರ ಯಾವ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೋ ಅದೇ ತಿಂಗಳ ಹೆಸರು. ಕಾರ್ತೀಕದಲ್ಲಿ ಕೃತ್ತಿಕೆ. ಮಾಘದ ಭಾರತ ಹುಣ್ಣಿಮೆಯಲ್ಲಿ ಮಖೆ. ಎತ್ತುಗಳಿಗೆ ಬಣ್ಣ ಬಳಿಯುವ ಕಾರಹುಣ್ಣಿಮೆ ಜ್ಯೇಷ್ಠ ಮಾಸದ್ದು. ಅವತ್ತು ಮೋಡ ಸರಿದರೆ ಚಂದ್ರನ ಹತ್ತಿರ ಕೆಂಪಗಿನ ಜ್ಯೇಷ್ಠಾ ನಕ್ಷತ್ರ. ಕೆಲವು ವರ್ಷ ಒಂದು ಮನೆ ಹಿಂದೆ ಮುಂದೆ ಆಗುತ್ತದೆ.

ಮಳೆ ನಕ್ಷತ್ರಗಳ ಲೆಕ್ಕ ಬೇರೆ, ಅದು ಸೂರ್ಯನದು. ಸೂರ್ಯ ಒಂದೊಂದು ಮನೆಯಲ್ಲಿ 13–14 ದಿನ ಇರುತ್ತಾನೆ. ಮೇ 25ರ ಸುಮಾರಿಗೆ ರೋಹಿಣಿ ಮನೆಗೆ ಬರುತ್ತಾನೆ, "ರೋಹಿಣಿ ಮಳೆ ಆದರೆ ಓಣಿಯೆಲ್ಲ ಜೋಳ" ಅನ್ನುವುದು ಆ ಎರಡು ವಾರಕ್ಕೆ. ಜೂನ್ 21–22ರಿಂದ ಆರಿದ್ರೆ, ಆಗಸ್ಟ್ 17ರ ಸುಮಾರಿಗೆ ಮಖೆ, ಅಕ್ಟೋಬರ್ 10ರ ಹೊತ್ತಿಗೆ ಚಿತ್ತೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿಯನ್ನು ಹುಡುಕಿದರೆ ಸಿಗುವುದೇ ಇಲ್ಲ, ಸೂರ್ಯನ ಬೆಳಕಲ್ಲಿ ಮುಳುಗಿರುತ್ತದೆ. ಮಳೆ ಕಳೆದು ಆರು ತಿಂಗಳಿಗೆ, ಡಿಸೆಂಬರಿನಲ್ಲಿ, ಸಂಜೆಯಿಂದ ಬೆಳಗಿನವರೆಗೂ ಕಾಣುತ್ತದೆ. ಈಗ ನೀವು ನೋಡುತ್ತಿರುವುದು ಕಳೆದ ಮೇ, ಜೂನಿನ ಮಳೆಗಳ ನಕ್ಷತ್ರಗಳನ್ನು.

ಆರಿದ್ರೆ ಅಂದರೆ ಮಹಾವ್ಯಾಧನ ಕೆಂಪು ಹೆಗಲು, ನಡುಪಟ್ಟಿಯಿಂದ ಒಂದು ಮುಷ್ಟಿ ಉತ್ತರಕ್ಕೆ. ವಾರಕ್ಕೊಮ್ಮೆ ಅದನ್ನೂ ರೋಹಿಣಿಯನ್ನೂ ಹೋಲಿಸಿ ಬರೆದಿಡಿ. ಸಾಮಾನ್ಯವಾಗಿ ಆರಿದ್ರೆಯದೇ ಒಂದು ಕೈ ಮೇಲು, ಆದರೆ ಅದು ಏರಿಳಿಯುವ ನಕ್ಷತ್ರ. 2019ರ ಕೊನೆಯಿಂದ ಕುಂದುತ್ತಾ ಬಂದು 2020ರ ಫೆಬ್ರವರಿಯಲ್ಲಿ ಎಂದಿನ ಪ್ರಕಾಶದ ಮೂರನೇ ಒಂದರಷ್ಟಕ್ಕೆ ಇಳಿದಿತ್ತು, ತಾನೇ ಉಗುಳಿದ ಧೂಳಿನ ಮೋಡ ಅಡ್ಡ ಬಂದು. ಬರಿಗಣ್ಣಿಗೇ ತಿಳಿಯುವ ವ್ಯತ್ಯಾಸ ಅದು.

ಮಹಡಿಮನೆ

ತುಂಬಾ ಧನ್ಯವಾದ. ಮಳೆನಕ್ಷತ್ರ ಅವರೇ, ಒಂದು ಅನುಮಾನ. ಆ್ಯಪಿನಲ್ಲಿ ದಿನಾಂಕ ಬದಲಿಸಿ ನೋಡಿದರೆ, ಕ್ಯಾಲೆಂಡರಿನಲ್ಲಿ ಸ್ವಾತಿ ಅಂತ ಇರುವ ದಿನ ಚಂದ್ರ ಸ್ವಾತಿಯಿಂದ ತುಂಬಾ ದೂರ ಇದ್ದಾನೆ. ಲೆಕ್ಕ ತಪ್ಪಿತಾ?

ಮಳೆನಕ್ಷತ್ರ

ತಪ್ಪಿಲ್ಲ. ಪಂಚಾಂಗ ಚಂದ್ರನ ದಾರಿಯನ್ನು 27 ಸಮಪಾಲು ಮಾಡಿ ಪ್ರತಿ ಪಾಲಿಗೂ ಒಂದು ನಕ್ಷತ್ರದ ಹೆಸರಿಟ್ಟಿದೆ, ಆ ನಕ್ಷತ್ರ ದಾರಿಯ ಮೇಲೇ ಇರಬೇಕೆಂದಿಲ್ಲ. ಸ್ವಾತಿ ಸೂರ್ಯಪಥದಿಂದ (ಚಂದ್ರನ ದಾರಿಯೂ ಹೆಚ್ಚುಕಮ್ಮಿ ಇದೇ) ಉತ್ತರಕ್ಕೆ ಸುಮಾರು 31 ಡಿಗ್ರಿ, ಒಂದೂವರೆ ಗೇಣು. ಆರಿದ್ರೆ ದಕ್ಷಿಣಕ್ಕೆ 16. ಕೃತ್ತಿಕೆ, ರೋಹಿಣಿ, ಮಖೆ, ಚಿತ್ತೆ, ಜ್ಯೇಷ್ಠಾ, ಈ ಐದೂ ದಾರಿಗೆ ಒಂದು ಮುಷ್ಟಿಯೊಳಗೇ ಇವೆ, ಶುರುವಿಗೆ ಇವನ್ನೇ ಇಟ್ಟುಕೊಳ್ಳಿ. ಇನ್ನೊಂದು ವಿಷಯ, ಕ್ಯಾಲೆಂಡರಿನಲ್ಲಿರುವುದು ಸೂರ್ಯೋದಯದ ನಕ್ಷತ್ರ. ಪಕ್ಕದಲ್ಲಿ ಮುಗಿಯುವ ಗಂಟೆಯೂ ಇರುತ್ತದೆ. ಮಧ್ಯಾಹ್ನಕ್ಕೇ ಮುಗಿದಿದ್ದರೆ ರಾತ್ರಿಗೆ ಮುಂದಿನ ನಕ್ಷತ್ರ ಅಂತ ತಿಳಿಯಿರಿ.

ಬೆಳ್ಳಿಚುಕ್ಕಿ

ಸ್ವಾತಿಯ ಮಾತು ಬಂತಲ್ಲ, ಅದರ ದಾರಿಯನ್ನೂ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ 9 ಗಂಟೆಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ, ಟ್ಯಾಂಕಿನ ಈಚೆಗೆ ಸರಿದು ನಿಂತರೆ ಸಾಕು. ಅದರ ಬಾಲದ ಬಾಗನ್ನು ಹಾಗೇ ಮುಂದುವರಿಸಿದರೆ ಮೊದಲು ಹೊಂಬಣ್ಣದ ಸ್ವಾತಿ, ಇನ್ನೂ ಮುಂದೆ ನೀಲಿಬಿಳುಪಿನ ಚಿತ್ತೆ. ಮೇ ಮಧ್ಯದಲ್ಲಿ ಅದೇ ಹೊತ್ತಿಗೆ ದಕ್ಷಿಣದ ಅಂಚಿನಲ್ಲಿ ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ.

ಸಪ್ತರ್ಷಿಯ ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡ ಹಾಗೆ, ಕಿರುಬೆರಳ ಅಗಲದ ಐದನೇ ಒಂದು ಭಾಗದಷ್ಟು ದೂರದಲ್ಲಿ, ಅರುಂಧತಿ. ಮದುವೆಯಲ್ಲಿ ತೋರಿಸುವುದು ಇದನ್ನೇ. ಕಣ್ಣು ಚುರುಕಾಗಿದ್ದೂ ಅರುಂಧತಿ ಕಾಣದಿದ್ದರೆ ಅದು ಬೀದಿದೀಪದ ತಪ್ಪು. ಒಂದು ಹಳೇ ಬೆಡ್‌ಶೀಟನ್ನು ಬಟ್ಟೆ ಒಣಗಿಸುವ ತಂತಿಗೆ ದೀಪದ ಕಡೆಗೆ ಇಳಿಬಿಟ್ಟು, ಅದರ ನೆರಳಲ್ಲಿ ಕಾಲು ಗಂಟೆ ಕೂತು ಮತ್ತೆ ನೋಡಿ.