ಓದುಗರ ಸ್ಪಂದನ: ಬಿಲ್ ಬರೆಯಲು ಹೋದವಳ ಕೈಗೆ ಮೌಸ್ ಬಂತು

ಸಮಸ್ಯೆ, ಸಂಕ್ಷಿಪ್ತವಾಗಿ:
ನನಗೆ 24 ವರ್ಷ. ತುಮಕೂರಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಕೈಖರ್ಚಿಗೆಂದು ಮುದ್ರಣದ ಅಂಗಡಿಯೊಂದರಲ್ಲಿ ಬಿಲ್ ಬರೆಯಲು ಸೇರಿದೆ. ಮದುವೆಯ ಹಂಗಾಮಿನಲ್ಲಿ ಡಿಸೈನ್ ಮಾಡುತ್ತಿದ್ದ ಅಣ್ಣ ಹೇಳದೆ ಕೇಳದೆ ಕೆಲಸ ಬಿಟ್ಟ. ಮಾಲೀಕರು ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಎರಡು ವರ್ಷವಾಯಿತು, ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್ ಎಲ್ಲವೂ ನನ್ನದೇ. ಬ್ಯಾಂಕ್ ಪರೀಕ್ಷೆಯ ಪುಸ್ತಕ ತೆರೆದರೆ ಆಕಳಿಕೆ ಬರುತ್ತದೆ, ಇದಕ್ಕೆ ಕುಳಿತರೆ ಊಟದ ಹೊತ್ತು ಮರೆತುಹೋಗುತ್ತದೆ. ಆದರೆ ನನಗೆ ಚಿತ್ರ ಬರೆಯಲು ಬಾರದು. "ಫ್ಲೆಕ್ಸ್ ಅಂಗಡಿಯದೂ ಒಂದು ಕೆಲಸವೇ?" ಎಂದು ಅಪ್ಪ ಕೇಳುತ್ತಾರೆ. ಪರೀಕ್ಷೆಯ ಓದನ್ನು ಬಿಟ್ಟುಬಿಡಲೇ?

ತಿಪಟೂರಿನಿಂದ, ನಿವೃತ್ತ ಪುಟ ವಿನ್ಯಾಸಕರು

ಮಗಳೇ, ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಚಿತ್ರ ಬರೆಯಲು ಬಾರದು' ಎಂಬ ಮಾತು. ನನಗೂ ಬಾರದು. ನಾನು ಬರೆದ ಹಸುವನ್ನು ಮೊಮ್ಮಗಳು ಮೇಜು ಎಂದುಕೊಂಡಳು. ಆದರೂ ಒಂದು ವಾರಪತ್ರಿಕೆಯ ಪುಟಗಳನ್ನು 30 ವರ್ಷ ಕಟ್ಟಿದೆ. ನಾನು ಅಲ್ಲಿಗೆ ಸೇರಿದ್ದು ಕರಡು ತಿದ್ದುವುದಕ್ಕೆ. ಅಚ್ಚುಮೊಳೆ ಹೋಗಿ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಬಂದಾಗ ಹಿರಿಯರೆಲ್ಲ ಕಂಪ್ಯೂಟರ್ ಮುಟ್ಟಲು ಹಿಂಜರಿದರು, ಕಿರಿಯವನೆಂದು ನನ್ನನ್ನು ಮುಂದಕ್ಕೆ ತಳ್ಳಿದರು. ಈ ಕಸುಬಿಗೆ ತಾವಾಗಿ ಬಂದವರಿಗಿಂತ ಹೀಗೆ ತಳ್ಳಿಸಿಕೊಂಡು ಬಂದವರೇ ನನಗೆ ಹೆಚ್ಚು ಸಿಕ್ಕಿದ್ದಾರೆ.

ಚಿತ್ರ ಪಕ್ಕಕ್ಕಿರಲಿ, ನಿನ್ನ ಬಂಡವಾಳ ಅಕ್ಷರ. ಕನ್ನಡದ ಅಕ್ಷರ ಇಂಗ್ಲಿಷಿನದರಂತೆ ಗೆರೆಯ ಮೇಲೆ ತೆಪ್ಪಗೆ ಕೂರುವುದಲ್ಲ. 'ಲಕ್ಷ್ಮೀ' ಎಂದು ಬರೆದು ನೋಡು. ಕೆಳಗೆ ಒತ್ತು ಜೋತುಬೀಳುತ್ತದೆ, ಮೇಲೆ ಗುಡಿಸು ಏಳುತ್ತದೆ, ಪಕ್ಕದಲ್ಲಿ ದೀರ್ಘ ಜಾಗ ಕೇಳುತ್ತದೆ. ಸಾಲುಗಳ ಅಂತರವನ್ನು ಇಂಗ್ಲಿಷಿನ ಅಳತೆಗೆ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತುಳಿಯುತ್ತದೆ. ನೀನು ಮಾಡಿದ ಹಳೆಯ ಲಗ್ನಪತ್ರಿಕೆಯೊಂದನ್ನು ತೆಗೆದು 'ಜ್ಯೇಷ್ಠ ಪುತ್ರಿ' ಇರುವ ಸಾಲನ್ನು ಭೂತಗನ್ನಡಿಯಲ್ಲಿ ನೋಡು. ಒತ್ತಿನ ಅಂಚಿನಲ್ಲಿ ಬಣ್ಣಬಣ್ಣದ ಮಸುಕು ಕಂಡರೆ, ಅದು ನಾಲ್ಕು ಬಣ್ಣ ಬೆರೆಸಿದ ಕಪ್ಪು. ಆಫ್‌ಸೆಟ್‌ನಲ್ಲಿ ಬಣ್ಣಕ್ಕೊಂದು ಪ್ಲೇಟು, ಅದರಲ್ಲೊಂದು ಕೂದಲೆಳೆಯಷ್ಟು ಸರಿದರೂ ಸಣ್ಣ ಒತ್ತು ಕಲಸಿಹೋಗುತ್ತದೆ. ಸಣ್ಣ ಅಕ್ಷರವನ್ನು ಕಪ್ಪು ಪ್ಲೇಟು ಒಂದರಲ್ಲೇ ಇಡಬೇಕು. ಇದನ್ನು ನನಗೆ ಕಲಿಸಿದ್ದು ಯಂತ್ರ ಓಡಿಸುತ್ತಿದ್ದ ಹಿರಿಯರೊಬ್ಬರು, ಅದೂ 2,000 ಪ್ರತಿ ಹಾಳಾದ ಮೇಲೆ, ಎಲ್ಲರೆದುರು ಬೈದು.

ಇನ್ನೊಂದು ವಿಷಯ. 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಬೇರು ಬಿಡಬೇಡ. ಅದರಲ್ಲಿ ಟೈಪಿಸಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಯೂನಿಕೋಡ್ ಫಾಂಟುಗಳಿಗೆ ಬಾ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೊ ಸೆರಿಫ್ ಕನ್ನಡ ಎಲ್ಲ ಉಚಿತವಾಗಿ ಸಿಗುತ್ತವೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬಿದ್ದರೆ ಫಾಂಟನ್ನು ಶಪಿಸುವ ಮೊದಲು ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದ್ದೀಯಾ ನೋಡಿಕೋ. ಇಷ್ಟನ್ನು ತಿಳಿಯದೆಯೇ ದೊಡ್ಡ ದೊಡ್ಡ ಕಂಪನಿಗಳ ಕನ್ನಡ ಜಾಹೀರಾತು ಮಾಡುವವರಿದ್ದಾರೆ. ಮುರಿದ ಒತ್ತುಗಳನ್ನು ನಾವು ದಿನಾ ಓದುತ್ತಿದ್ದೇವೆ.

ಗೌರಿಬಿದನೂರಿನಿಂದ, ಬೆಂಗಳೂರಿನಲ್ಲಿ ವಿನ್ಯಾಸ ಸಂಸ್ಥೆಯೊಂದರ ಉದ್ಯೋಗಿ

ಬೆನ್ನು ತಟ್ಟುವವರು ಬೇಕಾದಷ್ಟು ಜನ ಇರುತ್ತಾರೆ, ನಾನು ಸ್ವಲ್ಪ ಚುಚ್ಚುತ್ತೇನೆ. ಎರಡು ವರ್ಷದಲ್ಲಿ ನೀವು ಎಷ್ಟು ಹುಟ್ಟುಹಬ್ಬದ ಫ್ಲೆಕ್ಸ್ ಮಾಡಿರಬಹುದು? ನಡುವೆ ನಾಯಕರ ದೊಡ್ಡ ತಲೆ, ಕೆಳಗೆ ಅಭಿಮಾನಿಗಳ ಸಣ್ಣ ತಲೆಗಳ ಸಾಲು, ಯಾರ ತಲೆ ಯಾರದಕ್ಕಿಂತ ಒಂದು ಇಂಚು ದೊಡ್ಡದಿರಬೇಕು ಎಂಬ ಜಗಳ. ನಾನೂ ಅಲ್ಲಿಂದಲೇ ಬಂದವಳು, ಅದಕ್ಕೇ ಹೇಳುತ್ತಿದ್ದೇನೆ. ಆ ಕೆಲಸದಲ್ಲಿ ಕೈ ಪಳಗುತ್ತದೆ, ತಲೆ ಪಳಗುವುದಿಲ್ಲ. ಹೊರಗೆ 'ಡಿಸೈನ್ ಉಚಿತ' ಎಂದು ಬೋರ್ಡ್ ಹಾಕಿರುವ ಅಂಗಡಿಯಲ್ಲಿ ನಿಮ್ಮ ಯೋಚನೆಗೆ ಬೆಲೆ ಸಿಗುವುದು ಹೇಗೆ? ಗಿರಾಕಿ ದುಡ್ಡು ಕೊಡುವುದು ಚದರಡಿಗೆ.

ಹಾಗಾಗಿ ಸಂಜೆ ಒಂದು ಗಂಟೆ ಯಾರೂ ಕೇಳದ ಕೆಲಸ ಮಾಡಿ. ನಿಮ್ಮೂರ ಬಸ್ ನಿಲ್ದಾಣದ ಮಾರ್ಗಸೂಚಿ ಫಲಕವನ್ನು ಅವಸರದಲ್ಲಿರುವ ಅಜ್ಜಿಯೂ ಓದುವ ಹಾಗೆ ಮರುವಿನ್ಯಾಸ ಮಾಡಿ. ಲಸಿಕೆಯ ಕರಪತ್ರವೊಂದನ್ನು ಅರ್ಧ ಮಾತಿಗೆ ಇಳಿಸಿ. ಯಾಕೆ ಹಾಗೆ ಮಾಡಿದಿರಿ ಎಂದು ಪಕ್ಕದಲ್ಲಿ ನಾಲ್ಕು ಸಾಲು ಬರೆದಿಡಿ. ಅಂಥ ಏಳೆಂಟು ಕೆಲಸ ಕೈಯಲ್ಲಿದ್ದರೆ ನಮ್ಮಂಥ ಕಡೆ ಬಂದು ಕೂತು ಮಾತನಾಡಬಹುದು.

ಓದಬೇಕೆನಿಸಿದರೆ ಸೀಡ್ (CEED) ಎಂಬ ಪ್ರವೇಶ ಪರೀಕ್ಷೆ ಇದೆ, ಬಾಂಬೆ ಐಐಟಿ ನಡೆಸುತ್ತದೆ, ವಿನ್ಯಾಸದ ಸ್ನಾತಕೋತ್ತರ ಪದವಿಗೆ ಅದೊಂದು ದಾರಿ. ಬಿ.ಕಾಂ. ಆದವರೂ ಬರೆಯಬಹುದು, ವಯಸ್ಸಿನ ಮಿತಿ ಇಲ್ಲ. ಅದರಲ್ಲಿ ಕಾಗದದ ಮೇಲೆ ಚಿತ್ರ ಬಿಡಿಸುವ ಭಾಗ ಉಂಟು, 'ಬಾರದು' ಎಂಬ ನೆಪ ಅಲ್ಲಿ ನಡೆಯದು. ಆದರೆ ಅವರು ಕೇಳುವುದು ರವಿವರ್ಮನ ಕುಂಚವನ್ನಲ್ಲ, ತಲೆಯಲ್ಲಿರುವುದನ್ನು ಎದುರಿನವರಿಗೆ ತಿಳಿಸುವ ಗೆರೆಯನ್ನು. ಆರು ತಿಂಗಳು ದಿನಾ ಬರೆದರೆ ಅದು ಬರುತ್ತದೆ. ನನಗೆ ಒಂಬತ್ತು ತಿಂಗಳು ಹಿಡಿಯಿತು.

ಚಿಕ್ಕಬಳ್ಳಾಪುರದಿಂದ, ಬ್ಯಾಂಕ್ ಉದ್ಯೋಗಿ

ಬ್ಯಾಂಕಿನ ಕೆಲಸ ಸ್ವರ್ಗವೆಂದು ನಿಮ್ಮ ತಂದೆಯವರಿಗೆ ಯಾರು ಹೇಳಿದರೋ! ಮಾರ್ಚ್ ಕೊನೆಯಲ್ಲಿ ನಮ್ಮ ಶಾಖೆಗೆ ಬಂದು ನೋಡಲಿ. ಆದರೂ ಒಂದು ಲೆಕ್ಕ ಹೇಳಿಬಿಡುತ್ತೇನೆ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಗುಮಾಸ್ತ ಹುದ್ದೆಗೆ 28, ಅಧಿಕಾರಿ ಹುದ್ದೆಗೆ 30 ವರ್ಷದ ಗಡಿ. ಅಂದರೆ ನಿಮ್ಮ ಕೈಯಲ್ಲಿ ಇನ್ನೂ ನಾಲ್ಕು ವರ್ಷ ಇದೆ. ಎರಡು ವರ್ಷ ಈ ಕಡೆ ಪೂರ್ತಿ ಮನಸ್ಸಿಟ್ಟು ದುಡಿಯಿರಿ, ಆಗ ಏನಾಯಿತೆಂದು ನೋಡಿ. ಅರ್ಧ ಅಲ್ಲಿ ಅರ್ಧ ಇಲ್ಲಿ ಕಾಲಿಟ್ಟುಕೊಂಡು ಮೂರು ಸಲ ಪರೀಕ್ಷೆ ಬರೆದ ಹುಡುಗರನ್ನು ಕಂಡಿದ್ದೇನೆ. ಅದರಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ.

ಕೋಲಾರದಿಂದ, ಬೋರ್ಡ್ ಬರೆಯುತ್ತಿದ್ದವರು

ಅಮ್ಮಾ, ನಿಮ್ಮ ಫ್ಲೆಕ್ಸ್ ಬಂದು ನನ್ನ ಅನ್ನಕ್ಕೆ ಕಲ್ಲು ಬಿತ್ತು. ಕೋಪವಿಲ್ಲ, ಇದ್ದದ್ದನ್ನು ಹೇಳಿದೆ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದಾಗ ಅಟ್ಟದಿಂದ ಬ್ರಷ್ಷುಗಳನ್ನು ಇಳಿಸಿ ಸೀಮೆಎಣ್ಣೆಯಲ್ಲಿ ನೆನೆಹಾಕಿ ಕಾದೆ. ನಿಷೇಧ ಕಾಗದದಲ್ಲಿ ಉಳಿಯಿತು, ಫ್ಲೆಕ್ಸ್ ವೃತ್ತದಲ್ಲಿ ಉಳಿಯಿತು, ಬ್ರಷ್ಷು ಮತ್ತೆ ಅಟ್ಟ ಸೇರಿತು.

ನಾವು ನೂಲಿಗೆ ಸೀಮೆಸುಣ್ಣ ಸವರಿ, ಎರಡೂ ತುದಿ ಎಳೆದು ಹಿಡಿದು, ನಡುವೆ ಮೀಟಿ ಗೋಡೆಯ ಮೇಲೆ ಗೆರೆ ಬೀಳಿಸುತ್ತಿದ್ದೆವು. ಆಮೇಲೆ ರಸ್ತೆಯ ಆಚೆಗೆ ಹೋಗಿ ನಿಂತು ನೋಡುವುದು. 'ಟ' ಪಕ್ಕದಲ್ಲಿ 'ರ' ಬಂದರೆ ಎಷ್ಟು ಜಾಗ, 'ಲ' ಬಂದರೆ ಎಷ್ಟು, ಇದಕ್ಕೆ ಸ್ಕೇಲ್ ಇಲ್ಲ, ಕಣ್ಣೇ ಸ್ಕೇಲ್. ನೀವು ಪರದೆಗೆ ಮೂಗು ತಾಗಿಸಿ ಕೂರುತ್ತೀರಿ. ಮಾಡಿದ್ದನ್ನು ಒಂದು ಸಲ ಎದ್ದು ಬಾಗಿಲ ಹತ್ತಿರದಿಂದ ನೋಡಿ. ಹಳೆಯ ಪೇಟೆ ಬೀದಿಯಲ್ಲಿ ಕೈಬರಹದ ಬೋರ್ಡು ಉಳಿದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸದಾಗಿ ಸುಣ್ಣ ಬಳಿದರೆ ಅದೂ ಹೋಯಿತು.

ಶಿರಾದಿಂದ, ಗೃಹಿಣಿ

ಅಪ್ಪನಿಗೆ ವಾದದಲ್ಲಿ ಉತ್ತರ ಕೊಡಬೇಡ ತಂಗಿ. ನನ್ನ ಮಗ ಹೀಗೆಯೇ ಅನಿಮೇಷನ್ ಎಂದು ಹಟ ಹಿಡಿದಾಗ ಮನೆಯಲ್ಲಿ ಎರಡು ತಿಂಗಳು ಅಪ್ಪ ಮಗನ ನಡುವೆ ನಾನೇ ಅಂಚೆಯವಳು. ಕೊನೆಗೆ ನಮ್ಮ ಮನೆದೇವರ ಜಾತ್ರೆಯ ಕರಪತ್ರವನ್ನು ಅವನೇ ಮಾಡಿದ. ಕೆಳಗೆ 'ಸೇವಾಕರ್ತರು' ಎಂದು ಅಪ್ಪನ ಹೆಸರನ್ನು ಹಾಕಿದ್ದ. ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತೋರಿಸಿದರು. ನಿಮ್ಮಪ್ಪನನ್ನು ಒಂದು ದಿನ ಅಂಗಡಿಗೆ ಕರೆದುಕೊಂಡು ಹೋಗಿ ನಿನ್ನ ಪಕ್ಕದಲ್ಲಿ ಕೂರಿಸಿಕೋ, ಅಷ್ಟೇ.

ಕೊರಟಗೆರೆಯಿಂದ, ಹುಣಸೆಹಣ್ಣಿನ ವ್ಯಾಪಾರಿ

ನನಗೆ ಉಪದೇಶ ಬಾರದು, ಕೆಲಸ ಇದೆ. ಬೀಜ ತೆಗೆದ ಹುಣಸೆಹಣ್ಣನ್ನು ಅರ್ಧ ಕೆ.ಜಿ. ಪೊಟ್ಟಣ ಮಾಡಿ ಮಾರುತ್ತೇವೆ. ಈಗಿರುವ ಲೇಬಲ್ಲು ನೋಡಿ ಒಬ್ಬರು ಖರ್ಜೂರ ಎಂದು ಕೊಂಡೊಯ್ದು ಮರುದಿನ ಜಗಳಕ್ಕೆ ಬಂದರು. ತೂಕ, ಬೆಲೆ, ಪ್ಯಾಕ್ ಮಾಡಿದ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ ಇವಿಷ್ಟು ಇರಲೇಬೇಕು, ಜೊತೆಗೆ ಹುಣಸೆ ಎಂದು ದೂರದಿಂದ ಗೊತ್ತಾಗಬೇಕು. ಚಿತ್ರ ಬೇಡ, ಅಕ್ಷರ ಸಾಕು. ಸಂಪಾದಕರ ಬಳಿ ನನ್ನ ವಿಳಾಸ ಇದೆ. ಅರ್ಧ ಹಣ ಮುಂಗಡ ಕೊಡುತ್ತೇನೆ, ಅಂಗಡಿಗಲ್ಲ, ನಿಮ್ಮ ಕೈಗೆ. ತಿದ್ದುಪಡಿ ಎರಡೇ ಸಲ ಕೇಳುತ್ತೇನೆ. ಮೂರನೆಯದನ್ನು ನನ್ನ ಹೆಂಡತಿ ಕೇಳಬಹುದು.