ನುಂಗಿಕೊಳ್ಳೋದಲ್ಲ ಅದು

ಪುಟ್ಟೀ, ನಿನ್ನ ಮೆಸೇಜ್ ರಾತ್ರಿನೇ ನೋಡಿದೆ, ಬರೆಯೋಕೆ ಈಗ ಪುರುಸೊತ್ತಾಯಿತು. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡ. ಮೀಟಿಂಗ್‌ನಲ್ಲಿ ಎಲ್ಲರ ಎದುರೇ ನಿಮ್ಮ ಮ್ಯಾನೇಜರ್ "ನಿನಗೆ ಎಮೋಷನಲ್ ಇಂಟೆಲಿಜೆನ್ಸ್ ಕಮ್ಮಿ" ಅಂದರು, ಅಂದರೆ ಭಾವನೆಗಳನ್ನು ಅರ್ಥಮಾಡಿಕೊಂಡು ನಡೆಯೋ ಜಾಣತನ ಕಮ್ಮಿ ಅಂತ, ನಿನಗೆ ಅಳು ಬಂತು. (ಹಾಗೆ ಎಲ್ಲರ ಎದುರು ಅನ್ನೋರಿಗೆ ಎಷ್ಟಿದೆಯೋ, ಇರಲಿ.) ಅದಕ್ಕೆ ಚಿಕ್ಕಪ್ಪ ಇದೇ ಗ್ರೂಪಲ್ಲಿ "ನುಂಗಿಕೊಂಡು ನಗ್ತಾ ಇರು, ಅದೇ ಎಮೋಷನಲ್ ಇಂಟೆಲಿಜೆನ್ಸ್" ಅಂತ ಹಾಕಿದ್ದಾರೆ. ಚಿಕ್ಕಪ್ಪ, ತಪ್ಪು ತಿಳಿಯಬೇಡಿ, ಎಮೋಷನಲ್ ಇಂಟೆಲಿಜೆನ್ಸ್ ಅಂದರೆ ನುಂಗಿಕೊಳ್ಳೋದಲ್ಲ.

1990ರಲ್ಲಿ ಸಾಲೊವೆ ಮತ್ತು ಮೇಯರ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ಇದರ ಬಗ್ಗೆ ಬರೆದಾಗ ಹೇಳಿದ್ದು ಇಷ್ಟೇ: ನಿನ್ನ ಮನಸ್ಸಲ್ಲಿ, ಎದುರಿನವರ ಮನಸ್ಸಲ್ಲಿ ಏನಾಗ್ತಿದೆ ಅಂತ ಗಮನಿಸು, ಇದು ಕೋಪವೋ ಭಯವೋ ಬೇರೆ ಮಾಡಿ ನೋಡು, ಆಮೇಲೆ ಮುಂದಿನ ಹೆಜ್ಜೆ ಇಡು. ನುಂಗೋದು ಇದಕ್ಕೆ ಉಲ್ಟಾ. ಭಾವನೆಯನ್ನ ಮುಖದಲ್ಲಿ ತೋರಿಸದೆ ಅದುಮಿಟ್ಟರೂ ಮೈಯೊಳಗಿನ ಒತ್ತಡ ಇಳಿಯಲ್ಲ, ಜಾಸ್ತಿನೇ ಆಗಬಹುದು ಅಂತ ಮನಃಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಅವರ ಪ್ರಯೋಗಗಳು ತೋರಿಸಿವೆ.

ನನ್ನದೇ ಕೇಳು. ಒಮ್ಮೆ ಸಂಜೆ ಆಫೀಸಿಂದ ಒಂದೇ ಸಾಲಿನ ಮೇಲ್ ಬಂತು, "ಇನ್ನೂ ಆಗಿಲ್ವಾ?" ಅಂತ. ಕಿವಿ ಬಿಸಿಯಾಯಿತು. ಉದ್ದಕ್ಕೆ ಉತ್ತರ ಟೈಪ್ ಮಾಡಿದೆ, ಹಳೇ ಲೆಕ್ಕ ಎಲ್ಲ ತೆಗೆದು. ಕಳಿಸೋ ಬಟನ್ ಮೇಲೆ ಬೆರಳಿಟ್ಟಾಗ ಯಾಕೋ ನಿಂತೆ. ಇದು ಕೋಪನಾ? ಅಲ್ಲ, ಹೆದರಿಕೆ. ನಾನು ಮಾಡ್ತಿದ್ದ ಲೆಕ್ಕದ ಶೀಟ್‌ನಲ್ಲಿ ಒಂದು ಕಾಲಂ ತಾಳೆಯಾಗ್ತಿರಲಿಲ್ಲ, ಅದು ಗೊತ್ತಾಗಿಬಿಡುತ್ತೆ ಅಂತ. ಹೆದರಿಕೆ ಅಂತ ಗೊತ್ತಾದ ಮೇಲೆ ಎಲ್ಲ ಅಳಿಸಿ, "ಒಂದು ಲೆಕ್ಕ ತಾಳೆಯಾಗ್ತಿಲ್ಲ, ನಾಳೆ 11ಕ್ಕೆ ಕೊಡ್ತೀನಿ" ಅಂತ ಬರೆದೆ. ಅಷ್ಟೇ, ಮುಗೀತು. ಹೀಗೆ ಭಾವನೆಗೆ ಹೆಸರಿಟ್ಟಾಗ ಮೆದುಳಲ್ಲಿ ಹೆದರಿಕೆಯಂಥ ಭಾವನೆಗೆ ಸ್ಪಂದಿಸೋ ಅಮಿಗ್ಡಲಾ ಅನ್ನೋ ಭಾಗದ ಅಬ್ಬರ ಇಳಿಯುತ್ತೆ ಅಂತ 2007ರಲ್ಲಿ ಮನಃಶಾಸ್ತ್ರಜ್ಞ ಲೀಬರ್ಮನ್ ಅವರ ತಂಡ ಮೆದುಳು ಸ್ಕ್ಯಾನ್ ಮಾಡಿಯೇ ನೋಡಿದೆ. "ಟೆನ್ಷನ್" ಅಂತ ಸುಮ್ನೆ ಒಂದೇ ಮಾತಲ್ಲಿ ಹೇಳಿದರೆ ಸಾಲದು ಅಂತ ನನಗನಿಸುತ್ತದೆ. ಅವಮಾನವೋ, ಸುಸ್ತೋ, ಅನ್ಯಾಯ ಅನಿಸಿದ್ದೋ? ಒಂದೊಂದಕ್ಕೂ ಮದ್ದು ಬೇರೆ.

ಆದರೆ ಒಂದು ಮಾತು. ಮೂರು ತಿಂಗಳಿಂದ ಇಬ್ಬರ ಕೆಲಸ ನೀನೊಬ್ಬಳೇ ಮಾಡ್ತಿದ್ದೀಯ ಅಂತ ನೀನೇ ಬರೆದಿದ್ದೆ, ಅಲ್ವಾ? ಅದಕ್ಕೆ ಯಾವ ಇಂಟೆಲಿಜೆನ್ಸೂ ಮದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆನೇ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಸೋತುಹೋಗೋದನ್ನ, ತನ್ನ ರೋಗಗಳ ವರ್ಗೀಕರಣದ ಪಟ್ಟಿಗೆ ಕೆಲಸಕ್ಕೆ ಸಂಬಂಧಿಸಿದ್ದು ಅಂತ ಸೇರಿಸಿದೆ, ಕಾಯಿಲೆ ಅಂತಲ್ಲ. ಅಳು ಬಂದಿದ್ದು ಆ ಮಾತಿಗೋ, ಈ ಸುಸ್ತಿಗೋ, ಮೊದಲು ಅದನ್ನ ನೋಡು. ಸುಸ್ತಿಗಾದರೆ ಯಾವ ಕೆಲಸ ಬಿಡಬೇಕು ಅಂತ ಪಟ್ಟಿ ಮಾಡಿ ನಿಮ್ಮ ಮ್ಯಾನೇಜರನ್ನೇ ಕೇಳು. ಮೇಲ್ ಕಳಿಸೋ ಮುಂಚೆ ನನಗೆ ತೋರಿಸು. ಚಿಕ್ಕಪ್ಪ, ಬೈಯೋದಿದ್ದರೆ ನನಗೆ ಪರ್ಸನಲ್ ಆಗಿ ಹಾಕಿ.